ಹಳೆಯ ಆಟ, ಹೊಸ ಯಂತ್ರ: ವಿಡಿಯೋ ಗೇಮ್‌ಗಳ ಹಿಂಹೊಂದಿಕೆ

ಹೊಸ ಗೇಮ್ ಕನ್ಸೋಲ್ ಒಂದು ಮಾರುಕಟ್ಟೆಗೆ ಬಂದಾಗ, ಹಿಂದಿನ ಯಂತ್ರಕ್ಕಾಗಿ ಹಣ ತೆತ್ತು ಕೊಂಡ ಆಟಗಳ ಗತಿ ಏನು? ಈ ಪ್ರಶ್ನೆ ಆಟಗಾರರಿಗೆ ಮಾತ್ರ ಸಂಬಂಧಿಸಿದುದೆಂದು ತೋರಬಹುದು. ವಸ್ತುತಃ ಅದು ಕೃತಿಯೊಂದರ ಆಯುಷ್ಯದ ಪ್ರಶ್ನೆ. ಕಾಸರಗೋಡಿನ ಸುತ್ತಲಿನ ಪ್ರದೇಶದಲ್ಲಿ ತಿಗಳಾರಿ ಲಿಪಿಯ ತಾಳೆಗರಿಗಳು ಇಂದಿಗೂ ಉಳಿದಿವೆ. ಅವುಗಳನ್ನು ಓದಬಲ್ಲವರು ವಿರಳ. ಗರಿ ಗಟ್ಟಿಯಾಗಿದ್ದರೂ ಓದುವವನಿಲ್ಲದೆ ಅದು ಮೂಕವಾಗಿದೆ. ವಿಡಿಯೋ ಗೇಮ್‌ನ ಸ್ಥಿತಿಯೂ ಹೀಗೆಯೇ. ಡಿಸ್ಕಿಗೆ ಒಂದು ಗೆರೆಯೂ ಬಿದ್ದಿರದಿದ್ದರೂ, ಅದರ ಭಾಷೆ ಬಲ್ಲ ಯಂತ್ರವಿಲ್ಲದಿದ್ದರೆ ಆ ಕೃತಿ ಇದ್ದೂ ಇಲ್ಲದಂತೆ.

ಹಿಂದಿನ ತಲೆಮಾರಿನ ಆಟಗಳನ್ನು ಹೊಸ ಯಂತ್ರವೂ ನಡೆಸಬಲ್ಲ ಗುಣವನ್ನು ತಂತ್ರಜ್ಞರು ಬ್ಯಾಕ್‌ವರ್ಡ್ ಕಂಪ್ಯಾಟಿಬಿಲಿಟಿ ಎನ್ನುತ್ತಾರೆ. ಈ ಲೇಖನದ ಮಟ್ಟಿಗೆ ಅದನ್ನು ‘ಹಿಂಹೊಂದಿಕೆ’ ಎಂದು ಕರೆಯೋಣ.

ಆಟದ ಡಿಸ್ಕಿನಲ್ಲಿ ಇರುವುದು ಚಿತ್ರ, ಧ್ವನಿಗಳಷ್ಟೇ ಅಲ್ಲ. ಯಂತ್ರದ ಪ್ರೊಸೆಸರ್‌ಗೆ ಕೊಡಬೇಕಾದ ಆದೇಶಗಳ ಸುದೀರ್ಘ ಸರಣಿಯೂ ಅಲ್ಲಿದೆ. ಪ್ರೊಸೆಸರ್‌ಗಳ ಒಂದೊಂದು ಕುಲಕ್ಕೂ ತನ್ನದೇ ಆದ ಆದೇಶಭಾಷೆ ಇರುತ್ತದೆ. ಒಂದು ಕುಲಕ್ಕಾಗಿ ಬರೆದುದು ಇನ್ನೊಂದಕ್ಕೆ ತಿಳಿಯದು. ಕನ್ಸೋಲ್‌ಗಳಲ್ಲಿ ಈ ತೊಡಕು ಸಾಮಾನ್ಯ ಕಂಪ್ಯೂಟರ್‌ಗಿಂತ ಹೆಚ್ಚು. ಒಂದು ಮಾದರಿಯ ಲಕ್ಷಾಂತರ ಯಂತ್ರಗಳು ಒಂದೇ ಬಗೆಯಾಗಿರುವುದರಿಂದ, ಆಟವನ್ನು ರಚಿಸುವವರು ಆ ಯಂತ್ರದ ವೇಗವನ್ನೂ ಮೆಮೊರಿಯ ಅಳತೆಯನ್ನೂ ಚಿತ್ರ ಮೂಡಿಸುವ ಚಿಪ್‌ನ ಓರೆಕೋರೆಗಳನ್ನೂ ನೆಚ್ಚಿಕೊಂಡೇ ಬರೆಯುತ್ತಾರೆ. ಹಳೆಯ ಎಷ್ಟೋ ಆಟಗಳಲ್ಲಿ ಪಾತ್ರದ ನಡಿಗೆಯ ವೇಗವೇ ಯಂತ್ರದ ವೇಗಕ್ಕೆ ಕಟ್ಟುಬಿದ್ದಿರುತ್ತದೆ. ಯಂತ್ರ ಚುರುಕಾದರೆ ನಡೆಯಬೇಕಾದ ಪಾತ್ರ ಓಡತೊಡಗುತ್ತದೆ.

ಇದಕ್ಕೆ ಅತ್ಯಂತ ನೇರವಾದ ಪರಿಹಾರವೆಂದರೆ ಹಳೆಯ ಯಂತ್ರದ ಚಿಪ್ ಅನ್ನೇ ಹೊಸದರ ಒಡಲಿನಲ್ಲಿ ಇರಿಸುವುದು. 2001ರಲ್ಲಿ ನಿಂಟೆಂಡೊ ಕಂಪನಿ ಹೊರತಂದ ಗೇಮ್ ಬಾಯ್ ಅಡ್ವಾನ್ಸ್ ಎಂಬ ಕೈಯಂತ್ರದಲ್ಲಿ ಹೊಸ ಪ್ರೊಸೆಸರ್‌ನ ಜೊತೆಗೆ ಹಳೆಯ ಗೇಮ್ ಬಾಯ್ ಬಗೆಯ 8 ಬಿಟ್ ಪ್ರೊಸೆಸರ್ ಕೂಡ ಇತ್ತು. ಹಳೆಯ ಕಾರ್ಟ್ರಿಜ್ ಅನ್ನು ಸೇರಿಸಿದರೆ ಅದರ ಆಕಾರವೇ ಒಳಗಿನ ಸಣ್ಣ ಸ್ವಿಚ್ ಒಂದನ್ನು ಒತ್ತುತ್ತಿತ್ತು, ವಿದ್ಯುತ್ತು 3.3 ವೋಲ್ಟ್‌ನಿಂದ 5 ವೋಲ್ಟ್‌ಗೆ ಏರಿ ಹಳೆಯ ಪ್ರೊಸೆಸರ್ ಎಚ್ಚರಗೊಳ್ಳುತ್ತಿತ್ತು. 2004ರ ನಿಂಟೆಂಡೊ ಡಿಎಸ್ ಯಂತ್ರ ಅಡ್ವಾನ್ಸ್‌ನ ಕಾರ್ಟ್ರಿಜ್‌ಗಳನ್ನು ಸ್ವೀಕರಿಸಿತಾದರೂ ಆ 8 ಬಿಟ್ ಪ್ರೊಸೆಸರ್ ಅನ್ನು ಕೈಬಿಟ್ಟಿತು. 1989ರಿಂದ ನಡೆದುಬಂದ ಗೇಮ್ ಬಾಯ್ ಆಟಗಳ ಸಾಲು ಆ ಕುಟುಂಬದಲ್ಲಿ ಅಲ್ಲಿಗೆ ತುಂಡಾಯಿತು.

ಸೋನಿ ಕಂಪನಿಯ ಪ್ಲೇಸ್ಟೇಷನ್ 2 (2000) ಇನ್ನೂ ಜಾಣತನದ ದಾರಿ ಹಿಡಿಯಿತು. ಅದರೊಳಗೆ ಮೊದಲ ಪ್ಲೇಸ್ಟೇಷನ್ನಿನ ಪ್ರೊಸೆಸರ್ ಸುಮ್ಮನೆ ಕುಳಿತಿರಲಿಲ್ಲ. ಹೊಸ ಆಟ ನಡೆಯುವಾಗ ಅದು ಆಟಗಾರನ ಕೈಯಲ್ಲಿರುವ ಕಂಟ್ರೋಲರ್‌ನಿಂದ ಬರುವ ಸಂಜ್ಞೆಗಳನ್ನು ನೋಡಿಕೊಳ್ಳುವಂತಹ ಗುಮಾಸ್ತನ ಕೆಲಸ ಮಾಡುತ್ತಿತ್ತು; ಹಳೆಯ ಡಿಸ್ಕ್ ಹಾಕಿದೊಡನೆ ತಾನೇ ಯಜಮಾನನಾಗುತ್ತಿತ್ತು. ನಿವೃತ್ತಿಯಿಲ್ಲದ ಈ ಏರ್ಪಾಡು ನನಗಂತೂ ಬಹಳ ಮೆಚ್ಚಿಗೆಯಾದುದು. 15 ಕೋಟಿಗೂ ಮಿಕ್ಕಿ ಮಾರಾಟವಾದ ಆ ಯಂತ್ರದ ಆಟಗಳಿಗೆ ಮುಂದೆ ಒದಗಿದ ಗತಿಯೇ ಈ ವಿಷಯದ ಮುಖ್ಯ ಅಧ್ಯಾಯ.

2006ರ ನವೆಂಬರಿನಲ್ಲಿ ಜಪಾನ್ ಮತ್ತು ಅಮೆರಿಕದಲ್ಲಿ ಬಿಡುಗಡೆಯಾದ ಪ್ಲೇಸ್ಟೇಷನ್ 3ರಲ್ಲಿ ಪ್ಲೇಸ್ಟೇಷನ್ 2ರ ಮುಖ್ಯ ಪ್ರೊಸೆಸರ್ ಮತ್ತು ಚಿತ್ರದ ಚಿಪ್ ಎರಡೂ ಇದ್ದವು. ಯಂತ್ರವಾದರೋ ದುಬಾರಿ: 60 ಜಿಬಿ ಮಾದರಿಗೆ ಅಮೆರಿಕದಲ್ಲಿ 599 ಡಾಲರ್. ಅಷ್ಟು ಬೆಲೆಗೆ ಮಾರಿದರೂ ತಯಾರಿಕೆಯ ವೆಚ್ಚ ಗಿಟ್ಟುತ್ತಿರಲಿಲ್ಲ. 2007ರ ಮಾರ್ಚಿನಲ್ಲಿ ಯುರೋಪಿಗೆ ಬಂದ ಮಾದರಿಯಲ್ಲಿ ಹಳೆಯ ಪ್ರೊಸೆಸರ್ ಕಾಣೆಯಾಗಿತ್ತು. ಚಿತ್ರದ ಚಿಪ್ ಮಾತ್ರ ಉಳಿದು, ಪ್ರೊಸೆಸರ್‌ನ ಕೆಲಸವನ್ನು ಸಾಫ್ಟ್‌ವೇರ್ ವಹಿಸಿಕೊಂಡಿತು. ಸರಿಯಾಗಿ ನಡೆಯುವ ಹಳೆಯ ಆಟಗಳ ಸಂಖ್ಯೆ ಕುಗ್ಗಿತು. ಅದೇ ವರ್ಷದ ಕೊನೆಗೆ ಬಂದ 40 ಜಿಬಿ ಮಾದರಿಯಲ್ಲಿ ಎರಡೂ ಇರಲಿಲ್ಲ. ಹೀಗೆ ಒಂದೇ ಹೆಸರಿನ ಯಂತ್ರ ಒಂದು ವರ್ಷದೊಳಗೆ ಮೂರು ಬಗೆಯಾಯಿತು.

ಇದನ್ನು ಬರಿಯ ಲೋಭವೆನ್ನುವುದು ಅನ್ಯಾಯ. ನಷ್ಟದಲ್ಲಿ ಮಾರುವ ಯಂತ್ರದಿಂದ ಎರಡು ಚಿಪ್ ತೆಗೆಯುವುದು ವ್ಯಾಪಾರಿಯ ದೃಷ್ಟಿಯಿಂದ ಸಹಜವೇ. ಆದರೆ 2011ರಲ್ಲಿ ಸೋನಿ ಆಯ್ದ ಪ್ಲೇಸ್ಟೇಷನ್ 2 ಆಟಗಳನ್ನು ತನ್ನ ಆನ್‌ಲೈನ್ ಅಂಗಡಿಯಲ್ಲಿ ಮಾರಲಾರಂಭಿಸಿತು. ಹಳೆಯ ಚಿಪ್ ಇಲ್ಲದ ಅದೇ ಪ್ಲೇಸ್ಟೇಷನ್ 3ರಲ್ಲಿ ಅವು ಸಾಫ್ಟ್‌ವೇರ್ ಬಲದಿಂದ ನಡೆದವು. ಮನೆಯಲ್ಲಿದ್ದ ಡಿಸ್ಕನ್ನು ಒಲ್ಲೆನೆಂದ ಯಂತ್ರ, ಅದೇ ಆಟವನ್ನು ಮತ್ತೊಮ್ಮೆ ಕೊಂಡವನಿಗೆ ಆಡಿಸಿ ತೋರಿಸಿತು. ಎಲ್ಲ ಆಟಗಳನ್ನೂ ಹಾಗೆ ನಡೆಸಬಹುದಿತ್ತೆಂದು ಇದರಿಂದ ಸಿದ್ಧವಾಗುವುದಿಲ್ಲ. ಆದರೂ ತಂತ್ರದ ಅಡ್ಡಿ ಎಲ್ಲಿ ಮುಗಿದು ವ್ಯಾಪಾರದ ನಿರ್ಧಾರ ಎಲ್ಲಿ ಮೊದಲಾಗುತ್ತದೆಂಬುದನ್ನು ವಿವೇಚಿಸಲು ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಸಾಫ್ಟ್‌ವೇರ್ ಬಲದಿಂದ ನಡೆಸುವುದೆಂದರೆ ಏನು? ಇದಕ್ಕೆ ಎಮ್ಯುಲೇಶನ್ ಎಂದು ಹೆಸರು. ಹಳೆಯ ಯಂತ್ರದ ಆದೇಶಗಳನ್ನು ಹೊಸ ಪ್ರೊಸೆಸರ್‌ನ ಭಾಷೆಗೆ ತಿರುಗಿಸಿ ಹೇಳುವ ದುಭಾಷಿಯೊಬ್ಬನನ್ನು ನಡುವೆ ನಿಲ್ಲಿಸುವ ವಿಧಾನ ಇದು. ಮಲಯಾಳದಲ್ಲಿ ಬಂದ ಸರಕಾರಿ ಕಾಗದವನ್ನು ಕನ್ನಡದಲ್ಲಿ ವಿವರಿಸಿ ಹೇಳುವವರ ಶ್ರಮ ನಮ್ಮ ವಿದ್ಯಾರ್ಥಿಗಳಿಗೆ ಹೊಸತಲ್ಲ. ನೇರವಾಗಿ ಓದುವುದಕ್ಕಿಂತ ಅದಕ್ಕೆ ಹೆಚ್ಚು ಹೊತ್ತು ಬೇಕು. ಆಟವಾದರೋ ಕಾಯುವುದಿಲ್ಲ. ಬಹಳಷ್ಟು ಆಟಗಳಲ್ಲಿ ಸೆಕೆಂಡಿಗೆ 30 ಅಥವಾ 60 ಚಿತ್ರಗಳು ತಪ್ಪದೆ ಮೂಡಬೇಕು. ಆದುದರಿಂದ ಅನುಕರಿಸುವ ಯಂತ್ರ ಮೂಲಯಂತ್ರಕ್ಕಿಂತ ಎಷ್ಟೋ ಪಾಲು ಬಲಶಾಲಿಯಾಗಿರಬೇಕಾಗುತ್ತದೆ.

ಪ್ಲೇಸ್ಟೇಷನ್ 3ರ ಆಟಗಳು ಮುಂದಿನ ಯಂತ್ರಕ್ಕೆ ದಾಟದೆ ಹೋದುದು ಮುಖ್ಯವಾಗಿ ಇದರಿಂದಲೇ. ಅದರ ಸೆಲ್ ಎಂಬ ಪ್ರೊಸೆಸರ್‌ನಲ್ಲಿ ಒಂದು ಮುಖ್ಯ ಘಟಕವೂ ಏಳು ಸಹಾಯಕ ಘಟಕಗಳೂ ಇದ್ದು, ಪ್ರತಿ ಸಹಾಯಕನಿಗೂ 256 ಕಿಲೋಬೈಟ್‌ಗಳ ಪ್ರತ್ಯೇಕ ಮೆಮೊರಿ ಇತ್ತು. ಆಟ ಬರೆಯುವವರು ಕೆಲಸವನ್ನು ಅವುಗಳಿಗೆ ತಾವೇ ಹಂಚಿಕೊಡಬೇಕಿತ್ತು. 2013ರ ಪ್ಲೇಸ್ಟೇಷನ್ 4 ಸಾಮಾನ್ಯ ಕಂಪ್ಯೂಟರ್‌ಗಳ ಪ್ರೊಸೆಸರ್ ಕುಲಕ್ಕೆ ಸೇರಿದುದರಿಂದ ಈ ವಿಚಿತ್ರ ಹಂಚಿಕೆಯನ್ನು ಅನುಕರಿಸುವ ಶಕ್ತಿ ಅದಕ್ಕಿರಲಿಲ್ಲ. ದೂರದ ಸರ್ವರ್‌ನಲ್ಲಿ ಆಟ ನಡೆಸಿ ಚಿತ್ರವನ್ನು ಮಾತ್ರ ಅಂತರ್ಜಾಲದ ಮೂಲಕ ಮನೆಗೆ ಕಳುಹಿಸುವ ವ್ಯವಸ್ಥೆಯನ್ನು ಸೋನಿ ಮಾಡಿತು. ಇತ್ತ ಕೆಲವು ಸ್ವಯಂಸೇವಕರು 2011ರಲ್ಲಿ ಆರಂಭಿಸಿದ ಆರ್‌ಪಿಸಿಎಸ್3 ಎಂಬ ಸಾಫ್ಟ್‌ವೇರ್ ಇಂದು ಬಲಿಷ್ಠ ಕಂಪ್ಯೂಟರ್‌ಗಳಲ್ಲಿ ಆ ಆಟಗಳಲ್ಲಿ ಬಹುಪಾಲನ್ನು ನಡೆಸುತ್ತಿದೆ.

ಮೈಕ್ರೋಸಾಫ್ಟ್ ಕಂಪನಿಯ ಕಥೆ ಬೇರೆ. 2013ರ ಎಕ್ಸ್‌ಬಾಕ್ಸ್ ಒನ್ ಬರುವಾಗ ಹಳೆಯ ಆಟಗಳಿಗೆ ಅಲ್ಲಿ ಎಡೆಯಿರಲಿಲ್ಲ. 2015ರಲ್ಲಿ ಕಂಪನಿ ಮನಸ್ಸು ಬದಲಿಸಿ, ಎಕ್ಸ್‌ಬಾಕ್ಸ್ 360ರ ಆಟಗಳಿಗೆ ಎಮ್ಯುಲೇಶನ್ ಒದಗಿಸಿತು. ಹಳೆಯ ಡಿಸ್ಕ್ ಅಲ್ಲಿ ಕೇವಲ ಸ್ವಾಮ್ಯದ ಸಾಕ್ಷಿ; ನಡೆಯುವುದು ಅಂತರ್ಜಾಲದಿಂದ ಇಳಿಸಿಕೊಂಡ, ಹೊಸ ಯಂತ್ರಕ್ಕೆ ಒಗ್ಗಿಸಿದ ಪ್ರತಿ. ಹಾಗಾಗಿ ಪ್ರತಿಯೊಂದು ಆಟಕ್ಕೂ ಅದರ ಪ್ರಕಾಶಕರ ಅನುಮತಿ ಬೇಕಾಯಿತು. 2021ರ ನವೆಂಬರಿನಲ್ಲಿ ಕೊನೆಯ ಕಂತನ್ನು ಬಿಡುಗಡೆ ಮಾಡಿದಾಗ, ಪರವಾನಗಿ, ಕಾನೂನು ಮತ್ತು ತಂತ್ರಜ್ಞಾನದ ಮಿತಿಗಳಿಂದಾಗಿ ಇನ್ನು ಮುಂದೆ ಸೇರಿಸಲಾಗದೆಂದು ಕಂಪನಿ ತಿಳಿಸಿತು. ಪರವಾನಗಿಯ ತೊಡಕು ಎಂತಹುದೆಂಬುದಕ್ಕೆ ಫಿನ್ಲೆಂಡಿನ ರೆಮಿಡಿ ಸಂಸ್ಥೆಯ ‘ಅಲನ್ ವೇಕ್’ ಆಟವನ್ನು ನೋಡಬಹುದು. ಅದರಲ್ಲಿ ಬಳಸಿದ ಹಾಡುಗಳ ಹಕ್ಕಿನ ಅವಧಿ ತೀರಿದ್ದರಿಂದ 2017ರ ಮೇ ತಿಂಗಳಲ್ಲಿ ಆಟವನ್ನೇ ಮಾರಾಟದಿಂದ ಹಿಂತೆಗೆಯಬೇಕಾಯಿತು; ಹಕ್ಕುಗಳನ್ನು ನವೀಕರಿಸಿದ ಮೇಲೆ 2018ರ ಅಕ್ಟೋಬರಿನಲ್ಲಿ ಅದು ಮರಳಿತು. ಒಡೆಯರು ಇನ್ನೂ ಇದ್ದ, ಜನಪ್ರಿಯ ಆಟದ ಪಾಡು ಇದು. ಮುಚ್ಚಿಹೋದ ಕಂಪನಿಗಳ ಆಟಗಳಿಗೆ ಹಕ್ಕು ಯಾರದೆಂದು ಹುಡುಕುವುದೇ ಕಷ್ಟ.

ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಆ ದೇಶದಲ್ಲಿ 2010ಕ್ಕಿಂತ ಮೊದಲು ಬಿಡುಗಡೆಯಾದ ಆಟಗಳಲ್ಲಿ ಶೇ. 87ರಷ್ಟು ಇಂದು ಮಾರುಕಟ್ಟೆಯಲ್ಲಿ ಲಭ್ಯವಿಲ್ಲ. ಅದೇ ವರ್ಷ ಮಾರ್ಚ್ 27ರಂದು ನಿಂಟೆಂಡೊ ತನ್ನ 3ಡಿಎಸ್ ಮತ್ತು ವೀ ಯು ಯಂತ್ರಗಳ ಆನ್‌ಲೈನ್ ಅಂಗಡಿಯಲ್ಲಿ ಮಾರಾಟವನ್ನು ನಿಲ್ಲಿಸಿತು. ಡಿಸ್ಕಾಗಲಿ ಕಾರ್ಟ್ರಿಜ್ಜಾಗಲಿ ಇಲ್ಲದೆ ಅಲ್ಲಿ ಮಾತ್ರ ದೊರೆಯುತ್ತಿದ್ದ ಆಟಗಳನ್ನು ಈಗ ನ್ಯಾಯಮಾರ್ಗದಲ್ಲಿ ಹೊಸದಾಗಿ ಕೊಳ್ಳುವಂತಿಲ್ಲ.

ಈಚಿನ ಯಂತ್ರಗಳಲ್ಲಿ ಪರಿಸ್ಥಿತಿ ಸುಧಾರಿಸಿದೆ. 2020ರ ಪ್ಲೇಸ್ಟೇಷನ್ 5 ತನ್ನ ಹಿಂದಿನ ಯಂತ್ರದ ಪ್ರೊಸೆಸರ್ ಕುಲಕ್ಕೇ ಸೇರಿರುವುದರಿಂದ ಪ್ಲೇಸ್ಟೇಷನ್ 4ರ ಆಟಗಳಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ನಡೆಸುತ್ತದೆ. 2025ರ ಜೂನ್ ತಿಂಗಳಿನಲ್ಲಿ ಬಂದ ನಿಂಟೆಂಡೊ ಸ್ವಿಚ್ 2 ಕೂಡ ಮೊದಲ ಸ್ವಿಚ್‌ನ ಬಹುಪಾಲು ಆಟಗಳನ್ನು ಸ್ವೀಕರಿಸುತ್ತದೆ. ಆದರೆ ಪ್ಲೇಸ್ಟೇಷನ್ 5ರೊಂದಿಗೆ ಅದೇ ದಿನ ಮಾರುಕಟ್ಟೆಗೆ ಬಂದ ಅಗ್ಗದ ಮಾದರಿಯೊಂದರಲ್ಲಿ ಡಿಸ್ಕ್ ಡ್ರೈವ್ ಇರಲಿಲ್ಲ. ಹಳೆಯ ಆಟದ ಭಾಷೆ ಅದರ ಪ್ರೊಸೆಸರ್‌ಗೆ ಚೆನ್ನಾಗಿ ಗೊತ್ತು. ಡಿಸ್ಕನ್ನು ಒಳಗಿಡಲು ಮಾತ್ರ ದಾರಿಯಿಲ್ಲ.