ಮೂವತ್ತು ಸೆಕೆಂಡಿನ ಕಡಲು

ಸೋಮೇಶ್ವರದ ರುದ್ರಪಾದೆಯ ಪಕ್ಕ ಟ್ರೈಪಾಡ್ ಊರಿ ಶಟರ್ ತುಂಬ ಹೊತ್ತು ತೆರೆದಿಟ್ಟು ನಾನು ತೆಗೆದ ಮೊದಲ ಲಾಂಗ್ ಎಕ್ಸ್‌ಪೋಷರ್ ಚಿತ್ರದಲ್ಲಿ ಕಡಲು ಹಾಲಿನ ಹಾಗೆ ಬಂದಿತ್ತು. ಬಂಡೆಯೂ ಹಾಲಿನ ಹಾಗೆಯೇ ಬಂದಿತ್ತು. ಜತೆಗಿದ್ದ ಅಣ್ಣ ಬಿ.ಸಿ. ರೋಡಿನ ಕಡೆ ಮೂವತ್ತು ವರ್ಷ ಮದುವೆ ಫೋಟೊ ತೆಗೆದವರು. ಪರದೆ ನೋಡಿ ನಕ್ಕರು. “ಎಂಥ ಮಾರಾಯ, ಸ್ಟ್ಯಾಂಡಿನ ಕಾಲು ಎಲ್ಲಿಗೆ ಹೋಯಿತು ನೋಡು.” ಬಗ್ಗಿ ನೋಡಿದರೆ ಅಲೆ ಹಿಂದೆ ಸರಿಯುವಾಗಲೆಲ್ಲ ಅಡಿಯ ಮರಳನ್ನೂ ಎಳೆದುಕೊಂಡು ಹೋಗಿ, ಒಂದು ಕಾಲು ಬೆರಳುದ್ದ ಹೂತುಬಿಟ್ಟಿತ್ತು. ಅವರು ಮೂರೂ ಕಾಲುಗಳನ್ನು ಹಿಡಿದು ಗಟ್ಟಿ ನೆಲ ಸಿಗುವವರೆಗೆ ಒತ್ತಿದರು. ಆಮೇಲಷ್ಟೇ ಪಾಠ ಶುರು.

ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲ್ಲೂಕುಗಳಿಗೆ ಕಡಲು ಇಲ್ಲ. ಕಡಲಿಗೆ ಹೋಗುವ ನೀರು ಮಾತ್ರ ನಮ್ಮದೇ. ಕುದುರೆಮುಖದ ಘಟ್ಟದಿಂದಿಳಿದ ನೇತ್ರಾವತಿ ಬೆಳ್ತಂಗಡಿ ದಾಟಿ, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು ಬಂಟ್ವಾಳಕ್ಕೆ ಬರುತ್ತದೆ. ವೇಣೂರಿನ ಫಲ್ಗುಣಿ ಮೂಡುಬಿದಿರೆಯ ಕಡೆಯಿಂದ ಗುರುಪುರಕ್ಕೆ ಇಳಿಯುತ್ತದೆ. ಎರಡೂ ಕೊನೆಗೆ ಉಳ್ಳಾಲ-ಬೆಂಗ್ರೆ ನಡುವಿನ ಒಂದೇ ಅಳಿವೆಯಲ್ಲಿ ಸಮುದ್ರ ಸೇರುತ್ತವೆ. ಹಾಗಾಗಿ ಬೆಳ್ತಂಗಡಿ ಕಡೆಯ ಹುಡುಗರಿಗೆ ಹರಿವ ನೀರನ್ನು ನೂಲಿನಂತೆ ಹಿಡಿಯುವ ವಿದ್ಯೆ ಮೊದಲು ಸಿಕ್ಕುವುದು ಅರ್ಬಿಗಳಲ್ಲಿ, ಅಂದರೆ ಜಲಪಾತಗಳಲ್ಲಿ: ಬಂಡಾಜೆ, ಎರ್ಮಾಯಿ. ಕಾಡಿನ ನೆರಳಿನಲ್ಲಿ ಅರ್ಧ ಸೆಕೆಂಡು ಸಾಕು, ನೀರು ತಾನೇ ಎಳೆಎಳೆಯಾಗುತ್ತದೆ. ಕಡಲತೀರದಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಬೆಳಕು ಜಾಸ್ತಿ, ಅಲೆಯ ಗಡಿಬಿಡಿಯೂ ಜಾಸ್ತಿ.

ಇವತ್ತು ನಾವು ಬೆಳಕು ತಡೆಯುವ ಕಪ್ಪು ಗಾಜಿಗೆ ದುಡ್ಡು ಕೊಟ್ಟು ತರುವ ಈ ನಿಧಾನ ಒಂದು ಕಾಲಕ್ಕೆ ಕ್ಯಾಮರಾದ ರೋಗವಾಗಿತ್ತು. ಫ್ರಾನ್ಸಿನ ನಿಯೆಪ್ಸ್ 1826-27ರ ಹೊತ್ತಿಗೆ ತನ್ನ ಮನೆಯ ಕಿಟಕಿಯಿಂದ ತೆಗೆದ ಚಿತ್ರಕ್ಕೆ ತಾಸುಗಟ್ಟಲೆ ಬಿಸಿಲು ಬೇಕಾಯಿತು. 1838ರಲ್ಲಿ ಡಾಗೇರ್ ಪ್ಯಾರಿಸಿನ ಬೀದಿಯೊಂದನ್ನು ಸೆರೆಹಿಡಿದಾಗ ಅಲ್ಲಿ ಓಡಾಡುತ್ತಿದ್ದ ಗಾಡಿ, ಜನ ಎಲ್ಲ ಮಾಯ. ಉಳಿದವನು ಬೂಟು ಪಾಲಿಶ್ ಮಾಡಿಸಿಕೊಳ್ಳಲು ನಿಂತಿದ್ದ ಒಬ್ಬ ಮನುಷ್ಯ. ನಿಂತವನಿಗೆ ಮಾತ್ರ ಚಿತ್ರದಲ್ಲಿ ಜಾಗ.

ಇಂಥ ಕಾಲದಲ್ಲಿ ಕಡಲನ್ನು ಹಿಡಿಯುವುದು ಹುಡುಗಾಟವಲ್ಲ. 1856-57ರಲ್ಲಿ ಗುಸ್ತಾವ್ ಲ ಗ್ರೇ ಎಂಬಾತ ಹಟಕ್ಕೆ ಬಿದ್ದ. ಆಗಿನ ಕೊಲೋಡಿಯನ್ ಪ್ಲೇಟಿಗೆ ನೀಲಿ ಬಣ್ಣ ಕಂಡರೆ ವಿಪರೀತ ಪ್ರೀತಿ. ಕಡಲು ಸರಿಯಾಗಿ ಬರುವಷ್ಟು ಬೆಳಕು ಬಿಟ್ಟರೆ ಆಕಾಶ ಸುಣ್ಣ ಬಳಿದ ಗೋಡೆ. ಅವನು ಆಕಾಶಕ್ಕೊಂದು, ನೀರಿಗೊಂದು ನೆಗೆಟಿವ್ ತೆಗೆದು, ದಿಗಂತದ ಗೆರೆಯಲ್ಲಿ ಎರಡನ್ನೂ ಜೋಡಿಸಿ ಒಂದೇ ಕಾಗದಕ್ಕೆ ಅಚ್ಚುಹಾಕಿದ. ಅವನ ಪ್ರಸಿದ್ಧ ಹೆದ್ದೆರೆಯ ಚಿತ್ರ ಹಾಗೆ ಹುಟ್ಟಿದ್ದು. ಅವನಿಗೆ ಬೇಕಿದ್ದುದು ಅಲೆ ನಿಲ್ಲುವುದು, ಕರಗುವುದಲ್ಲ.

ಮೈಬ್ರಿಜ್ ಎಂಬ ಛಾಯಾಗ್ರಾಹಕನ ಕತೆ ಇನ್ನೂ ಸ್ವಾರಸ್ಯ. 1872ರಲ್ಲಿ ಅಮೆರಿಕದ ಯೊಸೆಮಿಟಿ ಕಣಿವೆಯಲ್ಲಿ ಅವನು ತೆಗೆದ ಜಲಪಾತಗಳು ಒಣಗಲು ಹಾಕಿದ ಬಿಳಿ ಪಂಚೆಯಂತಿವೆ. ಅದೇ ಮನುಷ್ಯ ಆರು ವರ್ಷ ಬಿಟ್ಟು, 1878ರಲ್ಲಿ, ಓಡುವ ಕುದುರೆಯ ನಾಲ್ಕೂ ಕಾಲು ನೆಲ ಬಿಟ್ಟ ಗಳಿಗೆಯನ್ನು ಹಿಡಿದು ತೋರಿಸಿದ. ಅಷ್ಟರಲ್ಲಿ ಜೆಲಾಟಿನ್ ಲೇಪದ ಒಣ ಪ್ಲೇಟೂ ಬಂದಿತ್ತು. 1871ರಲ್ಲಿ ಅದರ ದಾರಿ ತೋರಿಸಿದವನು ಮ್ಯಾಡಾಕ್ಸ್ ಎಂಬ ಇಂಗ್ಲಿಷ್ ವೈದ್ಯ. ಆಮೇಲೆ ಎಲ್ಲವೂ ವೇಗದ ಕಡೆಗೇ.

ವೇಗ ಅಗ್ಗವಾದ ಮೇಲೆ ನಿಧಾನಕ್ಕೆ ಬೆಲೆ ಬಂತು. ಜಪಾನಿನ ಹಿರೋಶಿ ಸುಗಿಮೊಟೊ 1970ರ ದಶಕದಲ್ಲಿ ಸಿನಿಮಾ ಮಂದಿರದೊಳಗೆ ಕ್ಯಾಮರಾ ಇಟ್ಟು, ಇಡೀ ಸಿನಿಮಾ ಮುಗಿಯುವವರೆಗೆ ಶಟರ್ ತೆರೆದಿಟ್ಟ. ಚಿತ್ರದಲ್ಲಿ ಉಳಿದದ್ದು ಬೆಳ್ಳಗೆ ಉರಿಯುವ ಪರದೆ ಮಾತ್ರ. ನಮ್ಮ ಇಡೀ ರಾತ್ರಿಯ ಬಯಲಾಟಕ್ಕೆ ಹೀಗೆ ಶಟರ್ ತೆರೆದಿಟ್ಟರೆ ಏನುಳಿದೀತು ಎಂದು ನನಗೆ ಆಗಾಗ ಅನಿಸುವುದುಂಟು. ಭಾಗವತರು ಮಸುಕಾಗಿಯಾದರೂ ಉಳಿಯುತ್ತಾರೆ. ಕುಣಿದ ವೇಷಗಳು ಒಂದೂ ಉಳಿಯಲಿಕ್ಕಿಲ್ಲ.

ಸೋಮೇಶ್ವರದಲ್ಲಿ ಅಣ್ಣ ಕಲಿಸಿದ್ದು ಇಷ್ಟು. ಮೊದಲು ಬಂಡೆಗೆ ಫೋಕಸ್ ಮಾಡು, ಅದನ್ನು ಅಲ್ಲೇ ಲಾಕ್ ಮಾಡು, ಆಮೇಲೆ ಕಪ್ಪು ಗಾಜು ಹಾಕು. ಕಪ್ಪು ಗಾಜು ಅಂದರೆ ಹತ್ತು ಸ್ಟಾಪಿನ ಎನ್‌ಡಿ ಫಿಲ್ಟರ್; ಅದು ಬೆಳಕನ್ನು ಸುಮಾರು ಸಾವಿರದಲ್ಲಿ ಒಂದು ಪಾಲಿಗೆ ಇಳಿಸುತ್ತದೆ. ಕಣ್ಣಿಗೆ ಹಿಡಿದರೆ ಎಲ್ಲ ಕಪ್ಪುಕಪ್ಪಾಗಿ ಕಾಣುತ್ತದೆ. ಕ್ಯಾಮರಾಕ್ಕೂ ಆಗ ಫೋಕಸ್ ಸಿಗುವುದು ಕಷ್ಟ. ಗಾಜಿಲ್ಲದೆ 1/30 ಸೆಕೆಂಡು ಸಾಕಿದ್ದ ಕಡೆ ಈಗ ಮೂವತ್ತಮೂರು ಸೆಕೆಂಡು ಬೇಕು. ಫಿಲ್ಮ್ ಕಾಲದಲ್ಲಿ ಈ ಗುಣಾಕಾರವೂ ಕೈಕೊಡುತ್ತಿತ್ತು. ದೀರ್ಘ ಹೊತ್ತು ತೆರೆದಿಟ್ಟ ಫಿಲ್ಮ್ ದಣಿಯುತ್ತದೆ, ಲೆಕ್ಕಕ್ಕಿಂತ ಹೆಚ್ಚು ಬೆಳಕು ಕೇಳುತ್ತದೆ. ಮೂವತ್ತಾರು ಚಿತ್ರದ ರೀಲಿನಲ್ಲಿ ಅದನ್ನು ಕಲಿಯಲು ಹೋದವರು ಅರ್ಧ ರೀಲು ಕಡಲಿಗೇ ಕೊಟ್ಟಂತೆ ಎನ್ನುತ್ತಿದ್ದರು ಅಣ್ಣ.

ನಾನು ಎಡವಿದ್ದು ಬೇರೆ ಕಡೆ. ಕ್ಯಾಮರಾದ ನಾಯ್ಸ್ ರಿಡಕ್ಷನ್ ಆನ್ ಇತ್ತು. ಅದು ಮೂವತ್ತು ಸೆಕೆಂಡಿನ ಚಿತ್ರ ತೆಗೆದ ಮೇಲೆ, ಶಟರ್ ಮುಚ್ಚಿಕೊಂಡು ಇನ್ನೂ ಮೂವತ್ತು ಸೆಕೆಂಡು ಕತ್ತಲೆಯ ಚಿತ್ರ ತೆಗೆಯುತ್ತದೆ, ಕಲೆಗಳನ್ನು ಕಳೆಯಲು. ನಮ್ಮ ಅಕ್ಷಾಂಶದಲ್ಲಿ ಸೂರ್ಯ ಹೆಚ್ಚುಕಮ್ಮಿ ನೆಟ್ಟಗೆ ಇಳಿಯುವವನು. ಅಂಚು ನೀರಿಗೆ ತಾಗಿದ ಮೇಲೆ ಪೂರ್ತಿ ಮುಳುಗಲು ಎರಡು ನಿಮಿಷಕ್ಕಿಂತ ತುಸು ಹೆಚ್ಚು, ಅಷ್ಟೆ. ನನಗೆ ಸಿಕ್ಕಿದ್ದು ಎರಡು ಚಿತ್ರ. ಯುರೋಪಿನವರು ಬರೆದ ಪುಸ್ತಕ ಓದಿ ಸಂಜೆ ಉದ್ದ ಇರುತ್ತದೆ ಅಂದುಕೊಂಡರೆ ನಮ್ಮಲ್ಲಿ ಹೀಗೇ ಆಗುವುದು. ಬಣ್ಣ ಮಾತ್ರ ಸೂರ್ಯ ಮುಳುಗಿದ ಮೇಲೆಯೂ ಇಪ್ಪತ್ತು ನಿಮಿಷ ಇರುತ್ತದೆ, ಆಗ ಕಪ್ಪು ಗಾಜೂ ಬೇಡ. ಜನವೆಲ್ಲ ಚರುಮುರಿ ಕಡೆ ತಿರುಗಿದ ಹೊತ್ತು ಅದು. ಆದರೆ ಕತ್ತಲಲ್ಲಿ ರುದ್ರಪಾದೆಯ ಮೇಲೆ ಹತ್ತಬೇಡಿ. ಅಲ್ಲಿಂದ ಜಾರಿ ನೀರುಪಾಲಾದವರ ಸುದ್ದಿ ಪತ್ರಿಕೆಗಳಲ್ಲಿ ಎಷ್ಟೋ ಸಲ ಬಂದಿದೆ.

ಇನ್ನೊಂದು ಸಂಜೆ ಉಚ್ಚಿಲದ ಕಡೆ ಹೋಗಿದ್ದೆ. ಅಲ್ಲಿ ಕಡಲ್ಕೊರೆತಕ್ಕೆ ಅಡ್ಡ ಹಾಕಿದ ಕಪ್ಪು ಕಲ್ಲುಗಳ ಸಾಲು ಚಿತ್ರಕ್ಕೆ ಹೇಳಿ ಮಾಡಿಸಿದಂತಿದೆ. ಮೂವತ್ತು ಸೆಕೆಂಡಿನಲ್ಲಿ ಕಡಲು ಮಂಜಾಗಿ, ಕಲ್ಲುಗಳು ಮೋಡದ ಮೇಲಿನ ಬೆಟ್ಟಗಳಂತೆ ಬಂದವು. ನನಗೆ ಖುಷಿಯೋ ಖುಷಿ. ಹಿಂದೆ ನಿಂತು ನೋಡುತ್ತಿದ್ದ ಅಲ್ಲಿನ ಹಿರಿಯರೊಬ್ಬರು ಪರದೆಗೆ ಮುಖ ತಂದು ಕೇಳಿದರು: “ಇದು ಎಲ್ಲಿಯ ಕಡಲು?” ಇಲ್ಲಿಯದೇ ಅಂದೆ. ಮಳೆಗಾಲದಲ್ಲಿ ತೆಂಗಿನ ಮರಗಳು ಹೋದ ಜಾಗವನ್ನು ಅವರು ಕೈಮಾಡಿ ತೋರಿಸಿದರು, ಅಲ್ಲಿ ನೀರಿತ್ತು.

ಗಾಜು ತೆಗೆದು, ಐಎಸ್‌ಒ ಏರಿಸಿ, 1/500 ಸೆಕೆಂಡಿನಲ್ಲಿ ಅದೇ ಕಲ್ಲುಗಳ ಇನ್ನೊಂದು ಚಿತ್ರ ತೆಗೆದೆ. ಅಲೆ ಕಲ್ಲಿಗೆ ಬಡಿದು ಆಳೆತ್ತರಕ್ಕೆ ಒಡೆದಿತ್ತು, ಹನಿಹನಿಯೂ ಕಾಣುತ್ತಿತ್ತು, ಚಿತ್ರ ಮಾತ್ರ ಚೂರು ಕಾಳುಕಾಳಾಗಿತ್ತು. ಮೊಬೈಲಿಗೆ ಕಳಿಸಿ ಎಂದು ಅವರು ಕೇಳಿದ್ದು ಅದನ್ನು.