ಕೆಂಪೋ, ಕಿತ್ತಳೆಯೋ: ಮಳೆಯ ಎಚ್ಚರಿಕೆ ತೀರ್ಮಾನವಾಗುವ ಬಗೆ

ಜುಲೈ ತಿಂಗಳಲ್ಲಿ ಉಡುಪಿ, ಕಾರವಾರ, ಮಡಿಕೇರಿ ಕಡೆ ಮಕ್ಕಳಿರುವ ಮನೆಗಳಲ್ಲಿ ಸಂಜೆಯಾದರೆ ಒಂದೇ ಮಾತು: ನಾಳೆ ಶಾಲೆಗೆ ರಜೆಯಂತಾ? ರಜೆ ಕೊಡುವುದು ಜಿಲ್ಲಾಧಿಕಾರಿ. ಆದರೆ ಅವರ ಕೈಯಲ್ಲಿರುವ ಆರೆಂಜ್ ಅಥವಾ ರೆಡ್ ಅಲರ್ಟ್ ಹೊರಡುವುದು ಬೆಂಗಳೂರಿನ ಅರಮನೆ ರಸ್ತೆಯಲ್ಲಿರುವ ಭಾರತೀಯ ಹವಾಮಾನ ಇಲಾಖೆಯ ಕೇಂದ್ರದಿಂದ. ಆ ಬಣ್ಣವನ್ನು ಅಲ್ಲಿ ಆರಿಸುವುದು ಹೇಗೆ?

ಮೊದಲ ಅಳತೆ ಮಿಲಿಮೀಟರಿನದು. ಬೆಳಿಗ್ಗೆ 8.30ರಿಂದ ಮರುದಿನ ಬೆಳಿಗ್ಗೆ 8.30ರವರೆಗಿನ ಮಳೆ ಒಂದು ದಿನದ ಲೆಕ್ಕ. ಈ ಅವಧಿಯಲ್ಲಿ 64.5 ಮಿ.ಮೀ. ದಾಟಿದರೆ ‘ಭಾರಿ’, 115.6ರಿಂದ ‘ಅತಿ ಭಾರಿ’, 204.5 ಮುಟ್ಟಿದರೆ ‘ಅತ್ಯಂತ ಭಾರಿ’. ಹಳದಿ, ಕಿತ್ತಳೆ, ಕೆಂಪು ಸರಿಸುಮಾರು ಇದೇ ಮೆಟ್ಟಿಲುಗಳನ್ನು ಏರುತ್ತವೆ. ಸರಿಸುಮಾರು ಎಂದೆ, ಏಕೆಂದರೆ ಬಣ್ಣ ಬರೀ ಮಳೆಯ ಪ್ರಮಾಣವನ್ನು ಹೇಳುವುದಿಲ್ಲ. ಮಳೆ ಬೀಳುವ ಸಾಧ್ಯತೆ ಎಷ್ಟು, ಬಿದ್ದರೆ ಆಗುವ ಹಾನಿ ಎಷ್ಟು ಎಂಬ ಎರಡನ್ನೂ ಒಟ್ಟಿಗಿಟ್ಟು ತೂಗಬೇಕು. ಆಗುಂಬೆಯ ಜುಲೈಗೆ 100 ಮಿ.ಮೀ. ಹೊಸತಲ್ಲ, ಬೆಂಗಳೂರಿನಲ್ಲಿ ಅಷ್ಟೇ ಮಳೆ ಎರಡು ತಾಸಿನಲ್ಲಿ ಸುರಿದರೆ ರಾಜಕಾಲುವೆ ಉಕ್ಕಿ ತಗ್ಗಿನ ಬಡಾವಣೆಗಳಿಗೆ ನುಗ್ಗುತ್ತದೆ. ವಾರವಿಡೀ ನೆನೆದ ಕೊಡಗಿನ ಗುಡ್ಡಕ್ಕೆ ಇನ್ನೂ ಕಡಿಮೆ ಮಳೆಯೇ ಸಾಕಾಗಬಹುದು.

ಮುನ್ಸೂಚಕರ ಮುಂದೆ ಮಾಹಿತಿಗೆ ಬರವಿಲ್ಲ. ಇನ್ಸಾಟ್ ಉಪಗ್ರಹಗಳ ಚಿತ್ರ, ರೇಡಾರ್, ಬೆಂಗಳೂರು ಮತ್ತು ಮಂಗಳೂರಿನ ಪಣಂಬೂರಿನಿಂದ ಬಲೂನುಗಳು ಹೊತ್ತೊಯ್ಯುವ ಉಪಕರಣಗಳು ಕಳಿಸುವ ಮೇಲ್ಗಾಳಿಯ ಅಳತೆ, ಕಂಪ್ಯೂಟರ್ ಮಾದರಿಗಳು, ಎಲ್ಲವೂ ಇವೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಸ್ವಯಂಚಾಲಿತ ಮಳೆಮಾಪಕ ನೆಟ್ಟಿದೆ. ಕಷ್ಟ ಎದುರಾಗುವುದು ಇವು ಒಂದಕ್ಕೊಂದು ಒಪ್ಪದಿದ್ದಾಗ. ಒಂದು ಮಾದರಿ ಕಾರವಾರಕ್ಕೆ 220 ಮಿ.ಮೀ. ಎನ್ನುತ್ತದೆ, ಇನ್ನೊಂದು 90. ಅದಕ್ಕೇ ಒಂದೇ ಮಾದರಿಯನ್ನು ಆರಂಭದ ಸ್ಥಿತಿ ತುಸು ಬದಲಿಸಿ ಹತ್ತಾರು ಬಾರಿ ಓಡಿಸುತ್ತಾರೆ. ಹೆಚ್ಚಿನ ಓಟಗಳು ಭಾರಿ ಮಳೆಯ ಕಡೆ ವಾಲಿದರೆ ವಿಶ್ವಾಸ ಹೆಚ್ಚುತ್ತದೆ. ಚದುರಿದರೆ, ಆ ಕರಾವಳಿಯ ಮಳೆಯನ್ನು ವರ್ಷಗಟ್ಟಲೆ ನೋಡಿದವರ ತಿಳಿವಳಿಕೆಗೇ ಬೆಲೆ.

ಈ ಕಸುಬಿನ ನಿಜವಾದ ಸಂಕಟವನ್ನು ಅಮೆರಿಕದ ಹಳೆಯ ಪ್ರಸಂಗವೊಂದು ತೋರಿಸುತ್ತದೆ. 1884ರಲ್ಲಿ ಅಲ್ಲಿನ ಸೇನೆಯ ಸಿಗ್ನಲ್ ವಿಭಾಗದ ಜಾನ್ ಫಿನ್ಲಿ ಸುಂಟರಗಾಳಿಯ ಮುನ್ಸೂಚನೆ ಕೊಡಲು ಹೊರಟರು. ಒಟ್ಟು 2,803 ಮುನ್ಸೂಚನೆಗಳು. ಶೇ 96.6 ಸರಿ ಎಂದು ಲೆಕ್ಕ ಬಂತು. ಆಗ ಗಿಲ್ಬರ್ಟ್ ಎಂಬ ವಿಜ್ಞಾನಿ ಹೇಳಿದ್ದು: ದಿನವೂ ‘ಸುಂಟರಗಾಳಿ ಇಲ್ಲ’ ಎನ್ನುತ್ತಾ ಕೂತಿದ್ದರೆ ಶೇ 98.2 ಸರಿಯಾಗುತ್ತಿತ್ತು! ಫಿನ್ಲಿ ‘ಬರುತ್ತದೆ’ ಎಂದ 100 ಸಲದಲ್ಲಿ ಬಂದದ್ದು 28 ಸಲ. ಹೇಳದೆಯೇ ಬಂದದ್ದು 23 ಸಲ. ಆದರೂ ಜನರಿಗೆ ಉಪಯೋಗವಾಗುವುದು ಫಿನ್ಲಿಯ ಮಾತೇ. ಸುಮ್ಮನಿದ್ದು ಗಳಿಸಿದ ಶೇ 98ರಿಂದ ಒಂದು ಜೀವವೂ ಉಳಿಯದು.

ಇಂದಿಗೂ ಮುನ್ಸೂಚಕರು ಈ ಎರಡು ತಪ್ಪುಗಳ ನಡುವೆಯೇ ನಿಂತಿದ್ದಾರೆ: ಹೇಳಿದ್ದು ಬಾರದಿರುವುದು, ಬಂದದ್ದನ್ನು ಹೇಳದಿರುವುದು. ಮೊದಲನೆಯದಕ್ಕೆ ದಂಡ, ವ್ಯರ್ಥವಾದ ರಜೆ, ಮೀನುಗಾರರ ಒಂದು ದಿನದ ದುಡಿಮೆ, ಕರಗುವ ನಂಬಿಕೆ. ಎರಡನೆಯದಕ್ಕೆ ಜೀವಗಳೇ ದಂಡ. ಹಾಗೆಂದು ದಿನವೂ ಕೆಂಪು ಹಚ್ಚಿದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಕೆಂಪನ್ನು ಅಪರೂಪವಾಗಿ ಬಳಸುವುದೇ ಸರಿ ಎಂಬುದು ನನ್ನ ನಿಲುವು. ಆದರೆ ಅನುಮಾನದ ದಿನ ತಪ್ಪುವುದಾದರೆ ಎಚ್ಚರದ ಕಡೆಗೇ ತಪ್ಪಬೇಕು.

ಚಂಡಮಾರುತದ್ದು ಸ್ವಲ್ಪ ಬೇರೆ ಕಥೆ. ಅಲ್ಲಿ ದಿನಗಳ ಕಾಲಾವಕಾಶ ಸಿಗುತ್ತದೆ, ಎಚ್ಚರಿಕೆ ಹಂತಹಂತವಾಗಿ ಬಿಗಿಯಾಗುತ್ತದೆ. 2013ರ ಅಕ್ಟೋಬರ್‌ನಲ್ಲಿ ಫೈಲಿನ್ ಒಡಿಶಾದತ್ತ ಬಂದಾಗ ಅದು ಸೂಪರ್ ಸೈಕ್ಲೋನ್ ಆಗುತ್ತದೆಂದು ಕೆಲವು ವಿದೇಶಿ ತಜ್ಞರು ಹೇಳಿದರು. ನಮ್ಮ ಇಲಾಖೆ ತನ್ನ ಅಂದಾಜನ್ನು ಬಿಡಲಿಲ್ಲ. ಗಾಳಿಯ ಬಲ, ಗೋಪಾಲಪುರದ ಬಳಿ ಅದು ನೆಲ ಮುಟ್ಟಿದ್ದು, ಎರಡೂ ಹೇಳಿದಂತೆಯೇ ಆದವು. ಲಕ್ಷಾಂತರ ಜನರನ್ನು ಮೊದಲೇ ಸ್ಥಳಾಂತರಿಸಲಾಗಿತ್ತು. 1999ರ ಚಂಡಮಾರುತದಲ್ಲಿ ಅದೇ ಒಡಿಶಾದಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತಿದ್ದರು. ಫೈಲಿನ್‌ಗೆ ಬಲಿಯಾದವರು ನೂರಕ್ಕೂ ಕಡಿಮೆ ಮಂದಿ.

ಮಲೆನಾಡಿನ ಮಳೆ ಅಷ್ಟು ಸಮಯ ಕೊಡುವುದಿಲ್ಲ. ಗುಡುಗು ಮಳೆಯ ತಕ್ಷಣದ ಎಚ್ಚರಿಕೆ ಮುಂದಿನ ಮೂರು ತಾಸಿಗಷ್ಟೇ. ಅಲ್ಲದೆ, ಮುನ್ಸೂಚನೆಯಲ್ಲಿ ಬರುವ ‘ಒಂದೆರಡು ಕಡೆ’ ಎಂದರೆ ಜಿಲ್ಲೆಯ ಕಾಲು ಭಾಗ ಮೀರದಷ್ಟು ಮಳೆಮಾಪಕಗಳಲ್ಲಿ ಮಾತ್ರ. ನಿಮ್ಮ ಊರಿಗೆ ಬಾರದ ಮಳೆ ಪಕ್ಕದ ತಾಲ್ಲೂಕನ್ನು ಮುಳುಗಿಸಿದ್ದರೆ ಮುನ್ಸೂಚನೆ ಸುಳ್ಳಾದಂತಲ್ಲ.

ಹಳದಿ ಎಂದರೆ ಗಮನವಿಡಿ, ಕಿತ್ತಳೆ ಎಂದರೆ ಸಿದ್ಧರಾಗಿ, ಕೆಂಪು ಎಂದರೆ ಕ್ರಮ ಕೈಗೊಳ್ಳಿ. ಗುಡ್ಡದ ಬುಡದಲ್ಲೋ ಹೊಳೆದಂಡೆಯಲ್ಲೋ ಮನೆಯಿರುವವರು ದಯವಿಟ್ಟು ಕೆಂಪಿಗಾಗಿ ಕಾಯಬೇಡಿ. ಕಿತ್ತಳೆ ಬಂದ ದಿನ ಬೆಳಕಿರುವಾಗಲೇ ಹಿರಿಯರನ್ನೂ ಮಕ್ಕಳನ್ನೂ ನೆಂಟರ ಮನೆಗೆ ಕಳಿಸಿ. ಮಳೆ ಬಾರದಿದ್ದರೆ ಮರುದಿನ ಕರೆತಂದರಾಯಿತು.