ಪ್ರತಿದಿನ ಹಲವು ಔಷಧಗಳನ್ನು ಸೇವಿಸುವವರು ಇಟ್ಟುಕೊಳ್ಳಬೇಕಾದ ಔಷಧ ಪಟ್ಟಿ: ಸಾರ್ವಜನಿಕರಿಗೆ ಮಾಹಿತಿ

ಸಕ್ಕರೆ ಕಾಯಿಲೆ, ಅಧಿಕ ರಕ್ತದೊತ್ತಡ, ಹೃದ್ರೋಗ, ಥೈರಾಯ್ಡ್ ತೊಂದರೆ ಮುಂತಾದ ದೀರ್ಘಕಾಲದ ಕಾಯಿಲೆಗಳುಳ್ಳವರು ದಿನವೊಂದಕ್ಕೆ ಐದಾರು ಬಗೆಯ ಮಾತ್ರೆಗಳನ್ನು ಸೇವಿಸಬೇಕಾಗಿ ಬರುವುದುಂಟು. ಇವುಗಳಲ್ಲಿ ಕೆಲವನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಿಂದಲೂ, ಕೆಲವನ್ನು ಖಾಸಗಿ ವೈದ್ಯರ ಚೀಟಿಯಂತೆ ಔಷಧ ಅಂಗಡಿಯಿಂದಲೂ ಪಡೆಯುತ್ತಿದ್ದಲ್ಲಿ, ರೋಗಿಯು ಒಟ್ಟಾರೆ ಏನೇನು ಸೇವಿಸುತ್ತಿದ್ದಾರೆ ಎಂಬುದು ಯಾವ ವೈದ್ಯರ ಗಮನಕ್ಕೂ ಬಾರದೆ ಹೋಗಬಹುದು. ಆದುದರಿಂದ ಎಲ್ಲ ಔಷಧಗಳನ್ನೂ ಒಂದೇ ಪಟ್ಟಿಯಲ್ಲಿ ಬರೆದಿಟ್ಟುಕೊಳ್ಳುವುದು ಅತ್ಯಗತ್ಯ.

1. ಒಂದೇ ಔಷಧ, ಹಲವು ಹೆಸರು

ಔಷಧಕ್ಕೆ ಜೆನೆರಿಕ್ ಹೆಸರು ಎನ್ನಲಾಗುವ ಮೂಲ ಹೆಸರು ಒಂದಾದರೆ, ತಯಾರಿಕಾ ಕಂಪನಿ ಇಟ್ಟ ವ್ಯಾಪಾರಿ ಹೆಸರು ಮತ್ತೊಂದು. ಉದಾಹರಣೆಗೆ, ರಕ್ತದೊತ್ತಡಕ್ಕೆ ಕೊಡುವ ಆಮ್ಲೊಡಿಪಿನ್ ಸರ್ಕಾರಿ ಆಸ್ಪತ್ರೆಗಳಲ್ಲಿಯೂ ಜನೌಷಧಿ ಕೇಂದ್ರಗಳಲ್ಲಿಯೂ ಮೂಲ ಹೆಸರಿನಲ್ಲಿ ದೊರೆಯುತ್ತದೆ. ಇತರ ಅಂಗಡಿಗಳಲ್ಲಿ ಅದೇ ಔಷಧ ಬೇರೆ ಬೇರೆ ಹೆಸರುಗಳಲ್ಲಿ ದೊರೆಯುತ್ತದೆ. ಇವೆರಡೂ ಬೇರೆ ಔಷಧಗಳೆಂದು ಭಾವಿಸಿ ಎರಡನ್ನೂ ಸೇವಿಸಿದಲ್ಲಿ ರಕ್ತದೊತ್ತಡ ತೀರಾ ಇಳಿದು, ತಲೆಸುತ್ತು ಬಂದು ಬೀಳುವ ಸಂಭವವಿದೆ. ವಯೋವೃದ್ಧರಲ್ಲಿ ಇಂತಹ ಒಂದು ಬೀಳುವಿಕೆಯಿಂದ ಸೊಂಟದ ಮೂಳೆಯೇ ಮುರಿಯಬಹುದು. ಸಕ್ಕರೆ ಕಾಯಿಲೆಯ ಗ್ಲಿಮೆಪಿರೈಡ್ ಇದೇ ರೀತಿ ಎರಡು ಪಟ್ಟಾದಲ್ಲಿ ರಕ್ತದ ಸಕ್ಕರೆ ಅಂಶ ಕುಸಿದು ಪ್ರಜ್ಞೆ ತಪ್ಪಬಹುದು.

2018ರಲ್ಲಿ ಔಷಧ ನಿಯಮಗಳಿಗೆ ತಂದ ತಿದ್ದುಪಡಿಯಂತೆ, ಒಂದೇ ಔಷಧವುಳ್ಳ ಮಾತ್ರೆಗಳ ಮೇಲೆ ಮೂಲ ಹೆಸರನ್ನು ವ್ಯಾಪಾರಿ ಹೆಸರಿಗಿಂತ ದೊಡ್ಡ ಅಕ್ಷರಗಳಲ್ಲಿ ಮುದ್ರಿಸಬೇಕಾಗಿದೆ. ಎರಡು ಮೂರು ಔಷಧಗಳು ಸೇರಿದ ಮಾತ್ರೆಯಾದಲ್ಲಿ, ಅದರಲ್ಲಿರುವ ಪ್ರತಿಯೊಂದು ಔಷಧದ ಹೆಸರನ್ನೂ ಓದಿಕೊಳ್ಳತಕ್ಕದ್ದು. ನೆಗಡಿಯ ಅನೇಕ ಮಾತ್ರೆಗಳಲ್ಲಿ ಜ್ವರದ ಔಷಧವಾದ ಪ್ಯಾರಾಸಿಟಮಾಲ್ ಕೂಡ ಸೇರಿರುತ್ತದೆ.

2. ಪಟ್ಟಿಯಲ್ಲಿ ಬರೆಯಬೇಕಾದ ವಿವರಗಳು

ಅ) ಔಷಧದ ಮೂಲ ಹೆಸರು ಮತ್ತು ವ್ಯಾಪಾರಿ ಹೆಸರು
ಆ) ಪ್ರಮಾಣ (ಉದಾ: 5 ಮಿ.ಗ್ರಾಂ.)
ಇ) ಯಾವ ಕಾಯಿಲೆಗಾಗಿ, ಯಾವ ವೈದ್ಯರು ಬರೆದುಕೊಟ್ಟದ್ದು
ಈ) ಸೇವಿಸುವ ಹೊತ್ತು; ಊಟಕ್ಕೆ ಮೊದಲೋ ನಂತರವೋ
ಉ) ಪ್ರಾರಂಭಿಸಿದ ದಿನಾಂಕ, ನಿಲ್ಲಿಸಿದ್ದಲ್ಲಿ ಆ ದಿನಾಂಕ
ಊ) ಈ ಹಿಂದೆ ಒಗ್ಗದಿದ್ದ ಔಷಧಗಳು

ಆಯುರ್ವೇದ ಔಷಧಗಳು, ನಾಟಿ ಔಷಧಗಳು, ಚೀಟಿಯಿಲ್ಲದೆ ಕೊಂಡ ನೋವಿನ ಮಾತ್ರೆಗಳನ್ನೂ ಪಟ್ಟಿಯಲ್ಲಿ ಸೇರಿಸತಕ್ಕದ್ದು. ಕೆಲವು ನೋವಿನ ಮಾತ್ರೆಗಳು ರಕ್ತದೊತ್ತಡವನ್ನು ಹೆಚ್ಚಿಸಿ ಮೂತ್ರಪಿಂಡಗಳಿಗೆ ಹಾನಿ ಉಂಟುಮಾಡಬಲ್ಲವು.

3. ಸೇವಿಸುವ ಹೊತ್ತು

ಚೀಟಿಯಲ್ಲಿ 1-0-1 ಎಂದಿದ್ದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು ಎಂದರ್ಥ. ಎಸ್‌ಒಎಸ್ ಎಂದಿದ್ದರೆ ಅಗತ್ಯ ಬಿದ್ದಾಗ ಮಾತ್ರ. ಥೈರಾಕ್ಸಿನ್ ಮಾತ್ರೆಯನ್ನು ಬೆಳಿಗ್ಗೆ ಬರಿಹೊಟ್ಟೆಯಲ್ಲಿ, ಉಪಾಹಾರಕ್ಕೆ ಅರ್ಧದಿಂದ ಒಂದು ಗಂಟೆ ಮೊದಲು ಸೇವಿಸಬೇಕು. ಕ್ಯಾಲ್ಸಿಯಂ ಹಾಗೂ ಕಬ್ಬಿಣಾಂಶದ ಮಾತ್ರೆಗಳಿಗೂ ಇದಕ್ಕೂ ಕನಿಷ್ಠ ನಾಲ್ಕು ಗಂಟೆಗಳ ಅಂತರವಿರಬೇಕು. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಸೇವಿಸಬೇಕಾದುದು ವಾರಕ್ಕೊಮ್ಮೆ ಮಾತ್ರ. ಪ್ರತಿದಿನ ಸೇವಿಸಿದಲ್ಲಿ ಪ್ರಾಣಾಪಾಯ ಸಂಭವಿಸಬಹುದು. ಇಂತಹ ಔಷಧದ ಮುಂದೆ ವಾರದ ಹೆಸರನ್ನು ದೊಡ್ಡದಾಗಿ ಬರೆದುಕೊಳ್ಳಬೇಕು.

4. ಒಂದು ಹೊತ್ತು ಮರೆತಲ್ಲಿ

ಸಾಮಾನ್ಯವಾಗಿ ನೆನಪಾದ ಕೂಡಲೇ ಸೇವಿಸಬಹುದು. ಮುಂದಿನ ಹೊತ್ತು ಸಮೀಪಿಸಿದ್ದಲ್ಲಿ ಮರೆತುದನ್ನು ಬಿಟ್ಟುಬಿಡಬೇಕು. ಯಾವ ಕಾರಣಕ್ಕೂ ಎರಡು ಹೊತ್ತಿನ ಮಾತ್ರೆಗಳನ್ನು ಒಟ್ಟಿಗೆ ಸೇವಿಸಬಾರದು. ಇನ್ಸುಲಿನ್, ಸಕ್ಕರೆ ಕಾಯಿಲೆಯ ಮಾತ್ರೆಗಳು ಮತ್ತು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಗಳ ಬಗ್ಗೆ ವೈದ್ಯರನ್ನು ಮೊದಲೇ ಕೇಳಿಟ್ಟುಕೊಳ್ಳಬೇಕು. ಉಪವಾಸವಿರುವವರೂ ಮುಂಚಿತವಾಗಿ ವೈದ್ಯರ ಸಲಹೆ ಪಡೆಯಬೇಕು.

5. ಮನೆಯಲ್ಲಿ ಅನುಸರಿಸಬೇಕಾದ ಕ್ರಮಗಳು

ವಾರದ ಏಳು ದಿನಗಳಿಗೆ ಬೇರೆ ಬೇರೆ ಮನೆಗಳುಳ್ಳ ಮಾತ್ರೆ ಡಬ್ಬಿಯನ್ನು ಬಳಸಿದರೆ ಆ ದಿನದ ಮಾತ್ರೆ ಸೇವಿಸಿದ್ದು ಹೌದೋ ಅಲ್ಲವೋ ಎಂಬ ಸಂದೇಹವುಳಿಯದು. ಸ್ಟ್ರಿಪ್‌ನಲ್ಲಿಯೇ ಇಡಬೇಕೆಂದು ಸೂಚಿಸಿರುವ ಮಾತ್ರೆಗಳನ್ನು ಬಿಡಿಸಿಡಬಾರದು. ಸ್ಟ್ರಿಪ್ ಕತ್ತರಿಸುವಾಗ ಹೆಸರು ಮತ್ತು ಅವಧಿ ಮುಗಿಯುವ ದಿನಾಂಕವಿರುವ ಭಾಗವನ್ನು ಕೊನೆಯವರೆಗೆ ಉಳಿಸಿಕೊಳ್ಳಬೇಕು. ಓದಲು ಬಾರದವರಿಗೆ ಮನೆಯವರು ಸೂರ್ಯ ಮತ್ತು ಚಂದ್ರನ ಚಿತ್ರ ಬರೆದು ಹೊತ್ತನ್ನು ಗುರುತಿಸಿಕೊಡಬಹುದು. ಔಷಧಗಳನ್ನು ಮಕ್ಕಳ ಕೈಗೆ ಎಟುಕದಂತೆ ಇಡತಕ್ಕದ್ದು.

6. ವೈದ್ಯರನ್ನು ಕಾಣುವಾಗ

ಪ್ರತಿ ಭೇಟಿಯಲ್ಲಿಯೂ ಪಟ್ಟಿಯನ್ನೂ, ಸೇವಿಸುತ್ತಿರುವ ಎಲ್ಲ ಔಷಧಗಳ ಸ್ಟ್ರಿಪ್‌ಗಳನ್ನೂ ತೋರಿಸಬೇಕು. ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ, ಮೊದಲಿನ ಔಷಧಗಳಲ್ಲಿ ಯಾವುವನ್ನು ಮುಂದುವರಿಸಬೇಕು, ಯಾವುವನ್ನು ನಿಲ್ಲಿಸಬೇಕು ಎಂದು ಕೇಳಿ ಹೊಸ ಪಟ್ಟಿ ಬರೆದುಕೊಳ್ಳಬೇಕು. ಮೂರ್ಛೆರೋಗದ ಔಷಧ, ಸ್ಟೀರಾಯ್ಡ್ ಮತ್ತು ಕೆಲವು ಹೃದಯದ ಔಷಧಗಳನ್ನು ತಾವಾಗಿಯೇ ಒಮ್ಮೆಲೇ ನಿಲ್ಲಿಸುವುದು ಅಪಾಯಕರ.

ಔಷಧದಿಂದ ಅಡ್ಡಪರಿಣಾಮವಾದಲ್ಲಿ ಕೂಡಲೇ ವೈದ್ಯರನ್ನು ಕಾಣತಕ್ಕದ್ದು. ಅಡ್ಡಪರಿಣಾಮಗಳ ಬಗ್ಗೆ ಕೇಂದ್ರ ಸರ್ಕಾರದ ಶುಲ್ಕರಹಿತ ಸಹಾಯವಾಣಿ 1800-180-3024ಕ್ಕೆ ಸಾರ್ವಜನಿಕರೂ ಕೆಲಸದ ದಿನಗಳಲ್ಲಿ ವರದಿ ಮಾಡಬಹುದಾಗಿದೆ.

ಸೂಚನೆ: ಈ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ಚಿಕಿತ್ಸೆಯ ವಿಷಯದಲ್ಲಿ ತಮ್ಮ ವೈದ್ಯರ ಸಲಹೆಯನ್ನೇ ಪಾಲಿಸಬೇಕೆಂದು ಕೋರಲಾಗಿದೆ.